ಲೈಟಿನ ಮೇಷ್ಟ್ರ ಟ್ಯಾಬ್

ಹಳೆಯ ಹ್ಯಾಲೊಜನ್ ಲೈಟನ್ನು ತಿಂಗಳುಗಟ್ಟಲೆ ಮೂಲೆಗಿಟ್ಟು ಆಮೇಲೆ ಹಚ್ಚಿದರೆ ಮೊದಲ ಐದು ನಿಮಿಷ ಸುಟ್ಟ ಧೂಳಿನ ವಾಸನೆ ಬರುತ್ತದೆ. ಹೋದ ತಿಂಗಳು ಕೋಟೆ ತಾಲ್ಲೂಕಿನ ಶಾಲೆಯೊಂದಕ್ಕೆ ಪ್ರೊಜೆಕ್ಟರ್ ಕೂರಿಸಲು ಹೋಗಿದ್ದೆ. ಅಲ್ಲಿಯ ವೇದಿಕೆಯಲ್ಲಿ ಯಾರೋ ಅಂಥದೊಂದು ಲೈಟು ಹಚ್ಚಿದರು. ಕೈಯಲ್ಲಿದ್ದ ಕೆಲಸ ಮರೆತು ನಿಂತುಬಿಟ್ಟೆ. ಲೈಟಿನ ಮೇಷ್ಟ್ರ ಅಂಗಿಯೂ ಸದಾ ಹೀಗೇ ನಾರುತ್ತಿತ್ತು...

ಅವರು ಶಾಲೆಯ ಮೇಷ್ಟ್ರಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ರೈತರೇ ಸೇರಿ ಆಡುವ ಪೌರಾಣಿಕ ನಾಟಕಗಳಿಗೆ ಬೆಳಕು ಬಿಡುತ್ತಿದ್ದವರು. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವವರನ್ನು ಮೇಷ್ಟ್ರು ಅನ್ನುವುದು ಇಲ್ಲಿಯ ರೂಢಿ. ಲೈಟಿನವರೊಬ್ಬರಿಗೆ ಆ ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿದ್ದು ಇವರ ವಿಷಯದಲ್ಲಿ ಮಾತ್ರ. ಯಾವ ಭೀಮ ಎಷ್ಟು ಹೊತ್ತು ರಾಗ ಎಳೆಯುತ್ತಾನೆ, ಯಾವ ದುರ್ಯೋಧನನಿಗೆ ಜನ ಒನ್ಸ್ ಮೋರ್ ಕೂಗುತ್ತಾರೆ, ಎಲ್ಲ ಅವರಿಗೆ ಬಾಯಿಪಾಠ. ಸಭಾಂಗಣದ ಹಿಂದಿನ ಅಟ್ಟದ ಮೇಲೆ ಕೂತು, ಹಾಡು ಮುಗಿಯುವ ತನಕ ಬೆಳಕನ್ನು ಕೈಯಲ್ಲೇ ಹಿಡಿದಿರುತ್ತಿದ್ದರು.

ಆಮೇಲೆ ಅವರ ಮಂಡಿ ಕೈಕೊಟ್ಟಿತು. ಅಟ್ಟದ ಕಬ್ಬಿಣದ ಏಣಿ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ನಾಟಕದ ಸಂಘದವರು ಬೇರೆಯವರನ್ನು ನೋಡುವ ಮಾತಾಡತೊಡಗಿದ್ದರು. ಅದು ಕಿವಿಗೆ ಬಿದ್ದದ್ದೇ ತಡ, ಮೇಷ್ಟ್ರು ಪಿರಿಯಾಪಟ್ಟಣದ ನನ್ನ ಕಂಪ್ಯೂಟರ್ ಅಂಗಡಿಗೆ ಕುಂಟುತ್ತಾ ಬಂದರು. ನಾನು ಅಂಗಡಿ ಇಟ್ಟು ಆಗ ಮೂರು ತಿಂಗಳೂ ಆಗಿರಲಿಲ್ಲ.

"ಕುರ್ಚಿ ಮೇಲೆ ಕುಂತ್ಕಂಡೇ ಲೈಟ್ ಬುಡೋ ಅಂಗೆ ಮಾಡ್ಕೊಡವ್ವ. ಇದೊಂದ್ ನಾಟ್ಕ ಸರ್ಯಾಗಿ ಆಗೋದ್ರೆ ನನ್ನ ಬುಡಾಕಿಲ್ಲ ಅವ್ರು," ಎಂದರು.

ಮಾಡಿಕೊಟ್ಟೆ. ವೇದಿಕೆಯ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪು, ಅದರಲ್ಲಿ ಲೈಟಿನ ಸಾಫ್ಟ್‌ವೇರು, ಅದಕ್ಕೊಂದು ವೈರು ಎಳೆದು ರೌಟರು. ಪ್ರೇಕ್ಷಕರ ನಡುವೆ ಕೂತ ಮೇಷ್ಟ್ರ ಕೈಯಲ್ಲಿ ಟ್ಯಾಬು. ವೈಫೈ ಮೇಲೆ ಟ್ಯಾಬು ಹೇಳಿದ್ದನ್ನು ಲ್ಯಾಪ್‌ಟಾಪು ಕೇಳಬೇಕು, ಅಷ್ಟೆ. ನಾಟಕದ ಹಿಂದಿನ ದಿನ ಹುಣಸೂರಿನ ಸಭಾಂಗಣದಲ್ಲಿ ನೋಡಿದಾಗ ಎಲ್ಲ ಸಲೀಸಾಗಿತ್ತು. ಮೇಷ್ಟ್ರು ಬೆರಳಲ್ಲಿ ಬೆಳಕನ್ನು ಏರಿಸಿ ಇಳಿಸಿ ಮಗುವಿನ ಹಾಗೆ ನಕ್ಕರು.

ಈಗೀಗ ನಾಟಕ ಹಗಲಿನಲ್ಲೇ ನಡೆಯುತ್ತದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಅದೇ ಪಕ್ಕದ ಕೋಣೆಯಲ್ಲಿ ಪೂಜೆ. ಗದೆ, ಕಿರೀಟ, ಹಾರ್ಮೋನಿಯಂ, ತಬಲ ಸಾಲಾಗಿಟ್ಟು ಕುಂಕುಮ ಹಚ್ಚಿದರು. ಮೇಷ್ಟ್ರ ಆಸೆಯಂತೆ ರೌಟರಿಗೂ ಒಂದು ಬೊಟ್ಟು ಬಿತ್ತು. ಕಾಯಿ ಒಡೆಯುವಾಗ ನೀರು ಸಿಡಿದೀತೆಂದು, ಅಲ್ಲೇ ಇದ್ದ ಅಡುಗೆಯ ದೊಡ್ಡ ಅಲ್ಯೂಮಿನಿಯಂ ಡಬರಿಯನ್ನು ನಾನೇ ಎತ್ತಿ ರೌಟರಿನ ಮೇಲೆ ಬೋರಲು ಹಾಕಿದೆ. ಮಂಗಳಾರತಿಯಾಯಿತು, ಪ್ರಸಾದ ತಿಂದೆ, ಹೊರಗೆ ಬಂದೆ. ಡಬರಿ ಅಲ್ಲೇ ಉಳಿಯಿತು.

ಬೆಲ್ಲು ಹೊಡೆದರು. ಟ್ಯಾಬು ಸತ್ತ ಹಾಗಿತ್ತು. ಓಡಿ ಹೋಗಿ ಲ್ಯಾಪ್‌ಟಾಪ್ ನೋಡಿದೆ, ಅದಕ್ಕೇನೂ ಆಗಿರಲಿಲ್ಲ. ಅದಕ್ಕೂ ರೌಟರಿಗೂ ವೈರಿನ ಸಂಪರ್ಕ ಇತ್ತಲ್ಲ. ಹಾಗಾದರೆ ತಪ್ಪು ಟ್ಯಾಬಿನದೇ ಎಂದು ತೀರ್ಮಾನಿಸಿದೆ. ಆಫ್ ಮಾಡಿ ಆನ್ ಮಾಡಿದೆ, ಪಾಸ್‌ವರ್ಡ್ ಮತ್ತೆ ಹಾಕಿದೆ, ನೆಟ್‌ವರ್ಕ್ ವಿಳಾಸದ ಅಂಕಿಗಳನ್ನು ಇನ್ನೊಮ್ಮೆ ತುಂಬಿದೆ. ಊಹೂಂ. ಜನ ಸಿಳ್ಳೆ ಹೊಡೆಯತೊಡಗಿದರು. ಸಂಘದ ಯಜಮಾನರು ನನ್ನ ತಲೆಯ ಮೇಲೇ ನಿಂತಿದ್ದರು.

"ಏನಾದ್ರೂ ಒತ್ತಿಬಿಟ್ರಾ ಮೇಷ್ಟ್ರೇ?" ಎಂದು ಎಲ್ಲರೆದುರು ರೇಗಿದೆ.

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಒತ್ತಿರ್ಬೋದು ಕಣವ್ವ..."

ಮೊದಲ ದೃಶ್ಯಕ್ಕೆ ನಾನೇ ಲ್ಯಾಪ್‌ಟಾಪಿನ ಮುಂದೆ ಕೂತೆ. ಅಲ್ಲಿಂದ ವೇದಿಕೆ ಅರ್ಧವೂ ಕಾಣದು. ಧರ್ಮರಾಯ ಕತ್ತಲಲ್ಲಿ ಹಾಡಿದ, ಖಾಲಿ ಸಿಂಹಾಸನ ಥಳಥಳ ಹೊಳೆಯಿತು. ದೃಶ್ಯ ಮುಗಿಯುವ ಹೊತ್ತಿಗೆ ಅಡುಗೆಯವನು ಬಂದು, "ಅಕ್ಕ, ಉಪ್ಪಿಟ್ಟಿಗೆ ಡಬರಿ ಬೇಕು ಕಣಕ್ಕ," ಎಂದು ಎತ್ತಿಕೊಂಡ. ಕೆಳಗೆ ರೌಟರು ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಅತ್ತ ಟ್ಯಾಬಿಗೆ ಜೀವ ಬಂತು. ಅಲ್ಯೂಮಿನಿಯಂ ಮುಚ್ಚಿದರೆ ವೈಫೈ ಹೊರಗೆ ಬಾರದು, ಅಯ್ಯೋ ನನ್ನ ಬುದ್ಧಿಯೇ! ಅಡುಗೆಯವನೂ ರೌಟರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಡಬರಿ ಹೊತ್ತು ಹೋದ.

ಉಳಿದ ನಾಟಕಕ್ಕೆ ಮೇಷ್ಟ್ರು ಬಿಟ್ಟ ಬೆಳಕನ್ನು ಇವತ್ತಿಗೂ ಮರೆತಿಲ್ಲ. ಆದರೆ ಕೆಟ್ಟಿದ್ದು ಕೆಟ್ಟಿತ್ತು. ತಿಂಡಿಯ ಪಂಕ್ತಿಯಲ್ಲಿ ಯಜಮಾನರು, "ಮೇಷ್ಟ್ರೇ, ಇನ್ಮೇಲೆ ನೀವು ಆರಾಮಾಗಿ ಕುಂತು ನಾಟ್ಕ ನೋಡಿ," ಎಂದರು. ನಾನು ಎದುರಿಗೇ ಕೂತಿದ್ದೆ. ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ತಪ್ಪು ನನ್ನದೆಂದರೆ ನಾಳೆ ಅಂಗಡಿಗೆ ಯಾರು ಬರುತ್ತಾರೆ ಎಂದು ಹೆದರಿ, ತಲೆ ತಗ್ಗಿಸಿ ಉಪ್ಪಿಟ್ಟು ತಿಂದೆ.

"ವಯಸ್ಸಾಯ್ತು ಕಣಪ್ಪ ನಂಗೂ," ಎಂದರು ಮೇಷ್ಟ್ರು.

ಆಮೇಲೆ ಅವರನ್ನು ಯಾರೂ ಕರೆಯಲಿಲ್ಲವೆಂದು ಕೇಳಿದೆ. ಹೋಗಿ ಹೇಳಬೇಕು ಅಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತಲೇ ದಿನ ಹೋಯಿತು...

ಕೋಟೆಯ ಆ ಶಾಲೆಯಿಂದ ಬಂದ ಮರುದಿನ ಅಂಗಡಿಗೆ ಬೀಗ ಹಾಕಿ ಮೇಷ್ಟ್ರ ಊರು ಕಂಪಲಾಪುರಕ್ಕೆ ಹೋದೆ. ಮೇಷ್ಟ್ರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಯಾರೆಂದು ಹೇಳಿಕೊಂಡು, ಮೇಷ್ಟ್ರು ಇದ್ದಾರಾ ಎಂದೆ.

"ಓಗಿ ಏಳ್ ತಿಂಗ್ಳಾಯ್ತು ಕಣವ್ವ," ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಡಬರಿ ಮುಚ್ಚಿದ್ ಎಣ್ಮಗ ನೀನೇನಾ?" ಎಂದರು.

ಅಡುಗೆಯವನು ಅವತ್ತು ಉಪ್ಪಿಟ್ಟು ಬಡಿಸುವಾಗಲೇ ಮೇಷ್ಟ್ರ ಕಿವಿಗೆ ಹಾಕಿದ್ದನಂತೆ. ಯಜಮಾನರ ಮುಂದೆ ವಯಸ್ಸಾಯಿತು ಎಂದಾಗ ಅವರಿಗೆ ಎಲ್ಲ ಗೊತ್ತಿತ್ತು.

"ಸಂಘದೋರ್ಗೆ ಓಗಿ ಯೋಳಿ ಅಂತ ಬಾಯ್ ಬಡ್ಕಂಡೆ. ಕೇಳ್ಬೇಕಲ್ಲ? 'ಈಗಿನ್ನೂ ಅಂಗ್ಡಿ ಇಟ್ಟೌಳೆ, ಯಸ್ರು ಕೆಟ್ಟೋಯ್ತದೆ. ಅವ್ಳೇ ಬಂದು ಯೋಳ್ತಾಳೆ ಬುಡು' ಅಂದ್ರು."

ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ. ನನ್ನ ಅಂಗಡಿಯಿಂದ ಅವರ ಮನೆಗೆ ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ನನಗೆ ನಾಲ್ಕು ವರ್ಷ ಹಿಡಿಯಿತು.