ಕರೆಂಟ್ ಹೋದಾಗ ಸಿಕ್ಕ ಮಗ್ಗದ ಸಪ್ಪಳ

ದೆವ್ವ, ಭೂತ ಎಂದವರನ್ನು ಮುಖದ ಮೇಲೇ ಗೇಲಿ ಮಾಡಿದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಾಲ್ಕು ವರ್ಷದ ಹಿಂದೆ ಬನಹಟ್ಟಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಹೆದರಿಕೆ ಒಂದು ಪಾಲಾದರೆ ಸಿಟ್ಟು ಮೂರು ಪಾಲು.

ಕಾಲೇಜಿಗಾಗಿ ಹತ್ತು ನಿಮಿಷದ ಸಿನಿಮಾ ಮಾಡಬೇಕಿತ್ತು. ಕೈಮಗ್ಗದಲ್ಲಿ ನೇಯ್ದು ಈ ಮನೆ ಕಟ್ಟಿದ ಮುತ್ತ್ಯಾ, ಅಂದರೆ ನನ್ನ ಅಜ್ಜನೇ, ಅದರ ನಾಯಕ. ಕ್ಯಾಮೆರಾ ಮುಟ್ಟುವ ಮೊದಲು ಎಲ್ಲ ಶಾಟ್‌ಗಳ ಚಿತ್ರ ಬರೆದಿಡಿ, ಯಾರೂ ಮಾತಾಡದಾಗಿನ ಜಾಗದ ಖಾಲಿ ಸಪ್ಪಳವನ್ನೂ ಹಿಡಿದಿಡಿ, ಎಡಿಟಿಂಗಿಗೆ ಬೇಕಾಗುತ್ತದೆ ಎಂದು ಸರ್ ಹೇಳಿದ್ದರು. ಪವರ್‌ಲೂಮಿನ ಗದ್ದಲದ ನಮ್ಮ ಓಣಿಯಲ್ಲಿ ಅದೆಲ್ಲಿ ಸಾಧ್ಯ? ಮಧ್ಯಾಹ್ನ ಕರೆಂಟ್ ಹೋಗುವುದನ್ನೇ ಕಾದು, ನಾನೂ ಸಹಪಾಠಿ ಬಸುವೂ ಹಳೆಯ ಮಗ್ಗದ ಕೋಣೆಯಲ್ಲಿ ರೆಕಾರ್ಡರ್ ಹಿಡಿದು ಕೂತೆವು. ಮಗ್ಗ ಕಿತ್ತು, ನೇಯುವವರು ಕಾಲು ಇಳಿಬಿಡುವ ಅದರ ಗುಂಡಿಗೆ ಸಿಮೆಂಟು ತುಂಬಿ ಎಷ್ಟೋ ವರ್ಷವಾಗಿತ್ತು. ಜೋಳದ ಚೀಲ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಏನೂ ಕೇಳಿಸಲೂ ಇಲ್ಲ.

ಪಡಸಾಲೆಗೆ ಬಂದು ಹಾಕಿದರೆ ರೆಕಾರ್ಡರಿನ ತುಂಬ ಕೈಮಗ್ಗದ ಸಪ್ಪಳ! ಒಂದು ಪೆಟ್ಟು ಸರಿಯಾಗಿ, ಮರುಪೆಟ್ಟು ತುಸು ತಡವಾಗಿ. ಎಲ್ಲಿಂದಲೋ ಇಳಿಸಿ ಸೇರಿಸಿದ್ದಾನೆಂದು ಬಸುವಿನ ಮೇಲೆ ಹರಿಹಾಯ್ದೆ.

"ನಮ್ಮವ್ವನಾಣಿ, ನಾ ಏನೂ ಮಾಡಿಲ್ಲ ಬೇ. ರೆಕಾರ್ಡರ್ ನಿನ್ನ ಕೈಯಾಗs ಇತ್ತಲ್ಲ!" ಎಂದ. ನಿಜ, ಅದು ನನ್ನ ಕೈ ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಮುತ್ತ್ಯಾ ಗೋಡೆ ಹಿಡಿದುಕೊಂಡು ಬಂದ. ಮುಖ ಬಿಳಿಚಿತ್ತು.

"ಬಂದ್ ಮಾಡ್ರಿ ಅದನ್ನ. ನಿಮ್ಮ ಆಯೀದು ಅದು. ಎಡಗಾಲಾಗ ಬಲಾ ಇರಲಿಲ್ಲ ಅಕೀಗಿ. ಆ ಕಾಲಿಲೆ ತುಳದಾಗೆಲ್ಲಾ ಪೆಟ್ಟು ತಡಾ ಬೀಳತಿತ್ತು."

ಆಯಿ, ಅವನ ಹೆಂಡತಿ, ತೀರಿಕೊಂಡಾಗ ನಾನಿನ್ನೂ ಕೂಸು. ಮಗ್ಗಕ್ಕೆ ಕೂತವಳು ಅವಳೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ಹಂಗಾರ ನೀ ಏನ್ ನೇಯ್ದಿ?" ಎಂದು ಕೇಳಿದೆ.

"ನಾ ಪ್ಯಾಟಿಗಿ ಹೋಗಿ ಸೀರಿ ಮಾರತಿದ್ದೆ" ಎಂದ, ನೆಲ ನೋಡುತ್ತ.

ಮೂರು ವಾರ ಇದೇ ಮನುಷ್ಯ ನನ್ನೆದುರು ಕೂತು ತಾನು ನೇಯ್ದ ಸೀರೆಗಳ ಕಥೆ ಹೇಳಿದ್ದ. ನಾನು ಬಾಯಿ ಬಿಟ್ಟುಕೊಂಡು ಬರೆದುಕೊಂಡಿದ್ದೆ. ನೋಟ್‌ಬುಕ್ಕಿನ ಹನ್ನೆರಡೂ ಶಾಟ್‌ಗಳಲ್ಲಿ ಅವನದೇ ಕೈ, ಅವನದೇ ಕಾಲು. ಅವನೆದುರಿಗೇ ಎಲ್ಲವನ್ನೂ ಹೊಡೆದುಹಾಕಿದೆ. ಪೆನ್ನು ಒತ್ತಿದ ರಭಸಕ್ಕೆ ಕಾಗದ ಹರಿಯಿತು. ಸತ್ತವಳೇ ಬಂದು ಹೇಳಬೇಕಾಯಿತೇ?

ಹೊಸದಾಗಿ ಬರೆದ ಸಿನಿಮಾದಲ್ಲಿ ಆ ಖಾಲಿ ಕೋಣೆ ಮತ್ತು ಆ ಸಪ್ಪಳ, ಅಷ್ಟೇ. ಆಮೇಲೂ ಎಷ್ಟೋ ಸಲ ಕರೆಂಟ್ ಹೋದಾಗ ಅಲ್ಲಿ ರೆಕಾರ್ಡರ್ ಹಿಡಿದು ಕೂತಿದ್ದೇನೆ. ಮತ್ತೆ ಸಿಕ್ಕಿಲ್ಲ. ಅದು ಎಲ್ಲಿಂದ ಬಂತೋ ಇಂದಿಗೂ ನನಗೆ ತಿಳಿಯದು.

ಈಚೆಗೆ ಮುತ್ತ್ಯಾನೂ ಬಂದು ಜೋಳದ ಚೀಲಕ್ಕೆ ಒರಗಿ ಕೂಡುತ್ತಾನೆ. "ಕೇಳಸಾಕತ್ತೈತೇನ ಬೇ?" ಎನ್ನುತ್ತಾನೆ. ನಾನು ರೆಕಾರ್ಡರನ್ನು ಇನ್ನೊಂದು ಮಗ್ಗುಲಿಗೆ ಸರಿಸುತ್ತೇನೆ. ನಾಳೆ ಕೇಳಿಸಿದರೂ ಅವನಿಗೆ ಹೇಳುವುದಿಲ್ಲ.