ಒಂದೇ ಡಕ್ಟಿನ ಎರಡು ಮನೆ

ನಮ್ಮ ಮನೆಯ ಎ.ಸಿ. ಸರ್ವೀಸಿಗೆ ವರ್ಷಕ್ಕೆರಡು ಸಲ ಬರುತ್ತಿದ್ದ ಮನುಷ್ಯನಿಗೆ ಇಡೀ ಬಡಾವಣೆ ಇಟ್ಟ ಹೆಸರು ಹವಾ ಮೇಷ್ಟ್ರು. ಅವರೇನೂ ಪಾಠ ಹೇಳಿದವರಲ್ಲ. ಆದರೆ ಫಿಲ್ಟರ್ ತೊಳೆಯದೆ ಬಿಟ್ಟ ಮನೆಗೆ ಹೋದರೆ, ಹೋಂವರ್ಕ್ ಮಾಡದ ಹುಡುಗನನ್ನು ಕೇಳುವ ಹಾಗೆ ಮನೆ ಯಜಮಾನರನ್ನೇ ಎದುರಿಗೆ ನಿಲ್ಲಿಸಿ ಕೇಳುತ್ತಿದ್ದರು. ಒಮ್ಮೆ ನಿವೃತ್ತ ಜಡ್ಜ್ ಒಬ್ಬರ ಮೂಗಿನ ಕೆಳಗೆ ಧೂಳು ಮೆತ್ತಿದ ಫಿಲ್ಟರ್ ಹಿಡಿದು, ಇದರಲ್ಲಿ ಸೊಪ್ಪು ಬೆಳೀಬಹುದು ಸಾರ್ ಅಂದರಂತೆ. ಜಡ್ಜ್ ಸಾಹೇಬರು ಮರುಮಾತಿಲ್ಲದೆ ತಪ್ಪೊಪ್ಪಿಕೊಂಡರಂತೆ.

ವಯಸ್ಸು ಐವತ್ತಾರು, ಸಣಕಲು ಮೈ, ಬೆರಳ ತುದಿಯಲ್ಲೆಲ್ಲ ತಗಡು ಕೊಯ್ದ ಗೆರೆಗಳು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಮುರಿದುಬಿದ್ದಿತ್ತು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಕೆಲಸ ಮುಗಿದ ಮೇಲೆ ಊಟ ಮಾಡಿಕೊಂಡು ಹೋಗಿ ಅಂದರೆ ನಿಲ್ಲುತ್ತಿರಲಿಲ್ಲ. ಮನೇಲಿ ಊಟದ ಹೊತ್ತಾಯ್ತು ಅಂತ ಗಡಿಬಿಡಿಯಲ್ಲಿ ಹೊರಡುತ್ತಿದ್ದರು. ಒಬ್ಬರೇ ಇರುವ ಮನೆಯಲ್ಲಿ ಅದೆಂಥ ಊಟದ ಹೊತ್ತು ಅಂತ ನನಗೆ ಬಹಳ ವರ್ಷ ಗೊತ್ತಾಗಲಿಲ್ಲ. ಅವರೇ ಒಂದು ದಿನ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಹೇಳಿದರು.

ಅವರಿದ್ದದ್ದು ಅಪ್ಪ ಕಟ್ಟಿಸಿದ ಮನೆಯ ಅರ್ಧದಲ್ಲಿ. ಇನ್ನರ್ಧ ಅಣ್ಣನದು. ಅಮ್ಮ ಆರು ತಿಂಗಳು ಹಾಸಿಗೆ ಹಿಡಿದಿದ್ದಾಗ ಮೇಷ್ಟ್ರು ದೂರದ ಊರೊಂದರಲ್ಲಿ ದೊಡ್ಡ ಆಸ್ಪತ್ರೆಗೆ ಡಕ್ಟ್ ಕೂರಿಸುವ ಕೆಲಸ ಹಿಡಿದಿದ್ದರು. ಈ ವಾರ ಬರ್ತೀನಿ, ಮುಂದಿನ ವಾರ ಬರ್ತೀನಿ ಅಂತ ದಿನ ತಳ್ಳಿದರು. ಅಮ್ಮ ಹೋದ ಸುದ್ದಿ ತಿಳಿದು ಬಿದ್ದಂಬೀಳ ಓಡಿ ಬಂದಾಗ ದಹನವೂ ಮುಗಿದುಹೋಗಿತ್ತು. ಅಣ್ಣ ಇನ್ನು ನಾಲ್ಕು ಗಂಟೆ ತಡೆದಿದ್ದರೆ ಅಮ್ಮನ ಮುಖವಾದರೂ ಸಿಗುತ್ತಿತ್ತು. ತಡೆಯಲಿಲ್ಲ. ಅವತ್ತು ಬಾಗಿಲಲ್ಲಿ ನಿಂತು ಇಬ್ಬರೂ ಆಡಿದ ಮಾತೇ ಕೊನೆ. ಆ ವರ್ಷವೇ ನಡುಮನೆಗೆ ಅಡ್ಡ ಗೋಡೆ ಎದ್ದಿತು, ಗೇಟು ಎರಡಾಯಿತು. ಹನ್ನೊಂದು ವರ್ಷ ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಭಾಗವಾಗದೆ ಉಳಿದದ್ದು ತಾರಸಿಯ ಮೇಲಿನ ಮೆಷಿನ್ ಒಂದೇ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡನ್ನೂ ಅದೇ ಕೊಡುತ್ತಿತ್ತು. ಅದರಿಂದ ಇಳಿದ ತಗಡಿನ ಡಕ್ಟು, ಅಂದರೆ ಗಾಳಿ ಹೋಗುವ ಕೊಳವೆ, ಹೊಸ ಗೋಡೆಯ ನೆತ್ತಿಯ ಮೇಲೆ ಹಾದು ಎರಡೂ ಮನೆಗೆ ಗಾಳಿ ಹಂಚುತ್ತಿತ್ತು. ಎಷ್ಟು ತಂಪು, ಎಷ್ಟು ಬಿಸಿ ಅಂತ ತಿರುಗಿಸುವ ಥರ್ಮೋಸ್ಟಾಟ್ ಮಾತ್ರ ಅಣ್ಣನ ಕಡೆ ಉಳಿಯಿತು. ಊರವರ ಮನೆಯನ್ನೆಲ್ಲ ತಂಪಾಗಿಡುವ ಮನುಷ್ಯನ ಸ್ವಂತ ಸೆಕೆ ಚಳಿ ಅಣ್ಣನ ಬೆರಳಲ್ಲಿತ್ತು. ಇನ್ನೊಂದು ಥರ್ಮೋಸ್ಟಾಟ್ ಹಾಕಿಕೊಳ್ಳುವುದು ಅವರಿಗೆ ಅರ್ಧ ದಿನದ ಕೆಲಸ. ಹಾಕಿಕೊಳ್ಳಲಿಲ್ಲ.

ಅದಕ್ಕೆ ಕಾರಣವಿತ್ತು. ಡಕ್ಟಿನಲ್ಲಿ ಗಾಳಿಯ ಜತೆ ಮಾತೂ ಹರಿದು ಬರುತ್ತದೆ. ಮೇಷ್ಟ್ರ ಅಡುಗೆಮನೆಗೆ ಗಾಳಿ ಬಿಡುವ ಜಾಲರಿ ಇದ್ದದ್ದು ಊಟದ ಮೇಜಿನ ನೇರ ಮೇಲೆ. ಅದೇ ಕವಲಿನ ಇನ್ನೊಂದು ಬಾಯಿ ಅಣ್ಣನ ಊಟದ ಕೋಣೆಯಲ್ಲಿ. ಮಧ್ಯಾಹ್ನ ಒಂದೂವರೆಗೆ ಅಲ್ಲಿ ತಟ್ಟೆ ಇಟ್ಟ ಸದ್ದಾಗುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಮೇಷ್ಟ್ರೂ ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ಅಣ್ಣನ ಮಗಳು ಮಗ್ಗಿ ಉರು ಹೊಡೆದದ್ದು, ಏಳರ ಮಗ್ಗಿಯಲ್ಲಿ ದಿನಾ ಮುಗ್ಗರಿಸಿದ್ದು, ದೊಡ್ಡವಳಾಗಿ ನರ್ಸ್ ಕೆಲಸ ಸಿಕ್ಕಿದ ದಿನ ಕಿರುಚಿದ್ದು, ಎಲ್ಲ ಇಲ್ಲಿಂದಲೇ ಕೇಳಿದರು. ಅತ್ತಿಗೆ ಗಂಡನನ್ನು ಬೈದದ್ದೂ ಕೇಳಿದರು. ಒಮ್ಮೆ ಅತ್ತಿಗೆ, ನಿಮ್ಮ ತಲೆಗೂ ಒಂದು ಫಿಲ್ಟರ್ ಹಾಕಿಸಬೇಕು ಅಂದಾಗ ಮೇಷ್ಟ್ರಿಗೆ ನಗು ತಡೆಯಲಾಗದೆ ಟವೆಲ್ಲನ್ನು ಬಾಯಿಗೆ ತುರುಕಿಕೊಂಡರಂತೆ.

ಬೇರೆ ಮನೆಗಳಲ್ಲಿ ಹೀಗೆ ಮಾತು ಕೇಳಿಸುತ್ತದೆ ಅಂತ ದೂರು ಬಂದರೆ ಡಕ್ಟಿನ ಒಳಗೆ ಪದರ ಅಂಟಿಸಿ ಸದ್ದು ಅಡಗಿಸಿ ಬರುವವರು, ತಮ್ಮ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಒರೆಸಿ ಇಡುತ್ತಿದ್ದರು. ಮೆಷಿನ್ನಿನ ಆಯಸ್ಸು ಎಂದೋ ಮುಗಿದಿತ್ತು. ಮುಚ್ಚಿಹೋದ ಸಿನಿಮಾ ಟಾಕೀಸಿನಿಂದ ಮೋಟಾರ್ ತಂದರು, ಗುಜರಿಯಲ್ಲಿ ಹುಡುಕಿ ಫ್ಯಾನ್ ತಂದರು, ತೂತು ಬಿದ್ದ ಪೈಪಿಗೆ ಬೆಸುಗೆಯ ಮೇಲೆ ಬೆಸುಗೆ ಹಾಕಿದರು. ಬೇರೆಯವರ ಮನೆಯಾಗಿದ್ದರೆ, ಇದನ್ನ ಸುಮ್ಮನೆ ಕಿತ್ತು ಬಿಸಾಕಿ ಅಂತ ಯಾವತ್ತೋ ಹೇಳಿರುತ್ತಿದ್ದರು.

ಹೋದ ವರ್ಷ ಬಿಸಿಲು ಏರುವ ಹೊತ್ತಿಗೇ ಕಂಪ್ರೆಸರ್ ಬಿಗಿದುಕೊಂಡು ನಿಂತಿತು. ಅದಕ್ಕೆ ಬೇಕಾದ ಹಳೇ ನಮೂನೆಯ ಗ್ಯಾಸೂ ಸಿಗುತ್ತಿರಲಿಲ್ಲ. ಎರಡು ದಿನ ತಾರಸಿಯ ಮೇಲೆ ಒದ್ದಾಡಿ ಇಳಿದು ಬಂದಾಗ ಗೇಟಿನ ಹತ್ತಿರ ಅತ್ತಿಗೆ ನಿಂತಿದ್ದರು. ಮೊದಲೆಲ್ಲ 'ಏನೋ, ಬಾರೋ' ಅನ್ನುತ್ತಿದ್ದವರು ಅವತ್ತು ಬಹುವಚನದಲ್ಲಿ ಮಾತಾಡಿಸಿದರು.

"ಕೋಣೆಗೊಂದರ ಹಾಗೆ ಬೇರೆ ಬೇರೆ ಹಾಕಿಸೋಣ ಅಂತಾಳೆ ಮಗಳು. ಕಂಪನಿಯವರನ್ನ ಕರೆಸ್ತೀನಿ ಅಂತ ಹೊರಟಿದ್ರು ನಿಮ್ಮಣ್ಣ. ಮನೇಲೇ ಕೆಲಸಗಾರ ಇರುವಾಗ ಹೊರಗಿನವರು ಯಾಕೆ ಅಂದೆ. ಸುಮ್ಮನಾದ್ರು."

"ನಾನೇ ಮಾಡ್ತೀನಿ ಅತ್ತಿಗೆ," ಅಂದರು ಮೇಷ್ಟ್ರು.

ಮನೇಲೇ ಅನ್ನುವ ಮಾತನ್ನು ಅವರು ಆ ದಿನವಿಡೀ ಮನಸ್ಸಿನಲ್ಲೇ ಹಿಡಿದುಕೊಂಡು ಓಡಾಡಿದರಂತೆ.

ಮೂರು ದಿನದ ಕೆಲಸ. ಅಣ್ಣನ ಗೇಟು ತೆಗೆದು ಚಪ್ಪಲಿ ಬಿಡುವಾಗ ಎಲ್ಲಿ ಬಿಡಬೇಕು ಅಂತಲೂ ಗೊತ್ತಾಗಲಿಲ್ಲ. ಹನ್ನೊಂದು ವರ್ಷ ದನಿಯಲ್ಲೇ ಕಂಡ ಮನೆಯನ್ನು ಈಗ ಕಣ್ಣಲ್ಲಿ ನೋಡಿದರು. ಊಟದ ಮೇಜು ಚೌಕವಾಗಿರಬಹುದು ಅಂದುಕೊಂಡಿದ್ದರು, ಗುಂಡಗಿತ್ತು. ಮಗಳು ಡ್ಯೂಟಿಗೆ ಹೊರಟವಳು ನಿಂತು, ಚಿಕ್ಕಪ್ಪ, ತಿಂಡಿ ಆಯ್ತಾ ಅಂದಳು. ಆ ದನಿಗೆ ಈ ಮುಖ ಹೊಂದಿಸಿಕೊಳ್ಳುವಷ್ಟರಲ್ಲಿ ಹೊರಟುಹೋಗಿದ್ದಳು. ಅಣ್ಣ ಎರಡು ದಿನ ಪೇಪರಿನ ಹಿಂದೆ ಕೂತರು. ತಲೆ ಪೂರಾ ಬೆಳ್ಳಗಾಗಿತ್ತು.

ಮೂರನೆಯ ದಿನ ಅಮ್ಮನ ಕೋಣೆ. ಮಂಚ ಹೊರಗೆ ಹೋಗಿ, ಅಲ್ಲಿ ಈಗ ಮಗಳ ಪುಸ್ತಕ, ಇಸ್ತ್ರಿ ಟೇಬಲ್ಲು ಇದ್ದವು. ಗೋಡೆಗೆ ಡ್ರಿಲ್ ಹಿಡಿದ ಮೇಷ್ಟ್ರು ಒತ್ತಲಾರದೆ ನಿಂತರು. ತಿರುಗಿದರೆ ಬಾಗಿಲಲ್ಲಿ ಅಣ್ಣ.

"ಅವತ್ತು ನಾಲ್ಕು ಗಂಟೆ ಕಾಯಬಹುದಿತ್ತಲ್ಲ," ಅಂದರು ಮೇಷ್ಟ್ರು. ಕೇಳಬೇಕು ಅಂದುಕೊಂಡು ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು.

ಅಣ್ಣ ಒಳಗೆ ಬಂದು ಇಸ್ತ್ರಿ ಟೇಬಲ್ಲಿಗೆ ಕೈ ಊರಿದರು. "ಕಾಯಬಹುದಿತ್ತು," ಅಂದರು. "ಅಮ್ಮ ಆರು ತಿಂಗಳು ದಿನಾ ನಿನ್ನ ಕೇಳಿದಳು ಕಣೋ. ಬರ್ತಾನೆ, ಬರ್ತಾನೆ ಅಂತ ಹೇಳಿ ಹೇಳಿ ನನಗೆ ಸಾಕಾಗಿತ್ತು. ಆ ಸಿಟ್ಟಿಗೆ ಕಾಯಲಿಲ್ಲ."

ಹನ್ನೊಂದು ವರ್ಷ ಮೇಷ್ಟ್ರು ಹಿಡಿದುಕೊಂಡಿದ್ದ ಸಿಟ್ಟಿಗೆ ಈಗ ಜಾಗ ಉಳಿಯಲಿಲ್ಲ. ಡ್ರಿಲ್ ಒತ್ತಿದರು. ಇಟ್ಟಿಗೆ ಪುಡಿ ಕೆಂಪಗೆ ಉದುರಿತು. ಸದ್ದು ನಿಂತ ಮೇಲೂ ಅಣ್ಣ ಅಲ್ಲೇ ಇದ್ದರು.

"ಆ ಕೆಮ್ಮು ಯಾರಿಗಾದ್ರೂ ತೋರಿಸಿದೆಯಾ?"

"ಯಾವ ಕೆಮ್ಮು?"

"ಚಳಿಗಾಲದಲ್ಲಿ ಕೆಮ್ಮುತ್ತೀಯಲ್ಲ. ಇಲ್ಲಿಗೆ ಚೆನ್ನಾಗಿ ಕೇಳಿಸುತ್ತೆ. ಅವತ್ತೆಲ್ಲ ಬಿಸಿ ಎರಡು ಗೆರೆ ಜಾಸ್ತಿ ಇಡ್ತಿದ್ದೆ. ನಮಗೆಲ್ಲ ಬೆವರು ಬರೋದು, ಇವಳು ಬಯ್ಯೋಳು."

ಕೆಲವು ದಿನ ಮನೆ ಇದ್ದಕ್ಕಿದ್ದಂತೆ ಬೆಚ್ಚಗಾಗುವುದನ್ನು ಮೇಷ್ಟ್ರು ಗಮನಿಸಿದ್ದರು. ಥರ್ಮೋಸ್ಟಾಟ್ ಕೆಟ್ಟಿರಬೇಕು ಅಂದುಕೊಂಡು ಸುಮ್ಮನಿದ್ದರು. ಇದನ್ನು ನನಗೆ ಹೇಳುವಾಗ, ಮೂವತ್ತು ವರ್ಷದ ಅನುಭವ ನೋಡಿ ನಂದು ಅಂತ ನಕ್ಕರು. ಕಣ್ಣು ಮಾತ್ರ ನಗಲಿಲ್ಲ.

ಹೊಸ ಮೆಷಿನ್‌ಗಳು ಎರಡೂ ಮನೆಯಲ್ಲಿ ಕೂತ ಮೇಲೆ ಉಳಿದದ್ದು ಹಳೇ ಡಕ್ಟು. ತೆರೆದೇ ಬಿಟ್ಟರೆ ತಂಪೆಲ್ಲ ಅದರೊಳಗೆ ಸೋರಿ ಹೋಗುತ್ತದೆ, ಇಲಿ ಸೇರುತ್ತದೆ, ಮುಚ್ಚಲೇಬೇಕು. ತಗಡು ಅಳೆದು ಕತ್ತರಿಸಿ, ಹಿಂದೆ ದಪ್ಪ ಉಣ್ಣೆಯ ಪದರ ತುಂಬಿ, ಸುತ್ತಲೂ ಅಂಟು ಹಚ್ಚಿ ತಮ್ಮ ಕಡೆಯ ಬಾಯನ್ನು ತಾವೇ ಮುಚ್ಚಿದರು. ಕೊನೆಯ ಮೊಳೆಗೆ ಮುಂಚೆ ಒಂದು ನಿಮಿಷ ಸ್ಟೂಲಿನ ಮೇಲೆ ನಿಂತೇ ಇದ್ದರಂತೆ. ಆ ಕಡೆ ಅತ್ತಿಗೆ ಏನೋ ಹುಡುಕುತ್ತಿದ್ದರು, ಡಬ್ಬಿಯ ಮುಚ್ಚಳ ಇರಬೇಕು. ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ.

ಹೊಸ ಮೆಷಿನ್ ಸದ್ದೇ ಮಾಡುತ್ತಿರಲಿಲ್ಲ. ರಿಮೋಟು ಕೈಯಲ್ಲಿ ಹಿಡಿದು, ತನಗೆ ಎಷ್ಟು ತಂಪು ಹಿತ ಅಂತಲೇ ತಿಳಿಯದೆ ಒಂದು ವಾರ ಏರಿಸಿ ಇಳಿಸಿ ನೋಡಿದರು. ಒಂದೂವರೆಗೆ ತಟ್ಟೆ ಹಾಕಿಕೊಂಡು ಕೂತರೆ ತುತ್ತು ಅಗಿಯುವ ಸದ್ದು ತನ್ನ ಕಿವಿಗೇ ಬರುತ್ತಿತ್ತು. ರೇಡಿಯೋ ಇಟ್ಟು ನೋಡಿದರು. ಅಲ್ಲಿ ಮಾತಾಡುವವರಿಗೆ ಏಳರ ಮಗ್ಗಿ ಎಂದೂ ತಪ್ಪುತ್ತಿರಲಿಲ್ಲ, ಆರಿಸಿಬಿಟ್ಟರು.

ಅಣ್ಣ ತಮ್ಮ ಒಂದಾದರು ಅಂತ ಬೀದಿಯವರು ಮಾತಾಡಿಕೊಂಡರು. ಹಾಗೇನೂ ಆಗಲಿಲ್ಲ. ಗೇಟಿನಲ್ಲಿ ಎದುರಾದರೆ ಅಣ್ಣ ತಲೆಯಾಡಿಸುತ್ತಾರೆ, ಇವರೂ ಆಡಿಸುತ್ತಾರೆ. ಅತ್ತಿಗೆ ಊಟಕ್ಕೆ ಬಾ ಅಂತ ಎರಡು ಸಲ ಕರೆದರು, ಏಕವಚನದಲ್ಲೇ. ಎರಡು ಸಲವೂ ಇವರು ಕೆಲಸದ ನೆಪ ಹೇಳಿದರು. ಗುಂಡಗಿನ ಮೇಜಿನಲ್ಲಿ ಯಾವ ಕುರ್ಚಿ ಎಳೆದುಕೊಳ್ಳಬೇಕು, ಏನು ಮಾತಾಡಬೇಕು ಅಂತ ಅವರಿಗೆ ತಿಳಿಯುತ್ತಿರಲಿಲ್ಲ. ಹೇಗೆ ಹೋಗೋದು ಹೇಳಿ ಅಂತ ನನ್ನನ್ನೇ ಕೇಳಿದರು.

ಆದರೆ ಮೂರು ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುವುದಕ್ಕೆ ಹೋಗುತ್ತಾರೆ. ಅದಕ್ಕೆ ನೆಪ ಬೇಕಾಗುವುದಿಲ್ಲ. ಮೊನ್ನೆ ಹೋದಾಗ ಅಣ್ಣನೇ ಸ್ಟೂಲು ತಂದಿಟ್ಟು, ಕಾಲು ಅಲುಗಾಡದ ಹಾಗೆ ಹಿಡಿದುಕೊಂಡು ನಿಂತರಂತೆ. ಫಿಲ್ಟರಿನಲ್ಲಿ ಧೂಳೇ ಇರಲಿಲ್ಲ, ಅತ್ತಿಗೆ ಮುಂಚೆಯೇ ತೊಳೆದಿಟ್ಟಿದ್ದರು. ಮೇಷ್ಟ್ರು ಆದರೂ ಮತ್ತೊಮ್ಮೆ ನಲ್ಲಿಗೆ ಹಿಡಿದು ತೊಳೆದರು. ಕೊಟ್ಟ ಕಾಫಿಯನ್ನು ನಿಂತೇ ಕುಡಿದರು. ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಿದ್ದೆ, ಭಯ ಇಲ್ಲವಂತೆ ಅಂತ ಹೇಳಿದರು. ಹೂಂ ಅಂದರು ಅಣ್ಣ. ಮೇಷ್ಟ್ರು ಚೀಲ ಹೆಗಲಿಗೇರಿಸಿ ಆ ಗೇಟು ಹಾಕಿ ಈ ಗೇಟು ತೆಗೆದರು.