ಅಕ್ಕನ ಕೋಣೆಯಲ್ಲಿ ನಿಂತ ಗೂಟ

ನಿರ್ದೇಶಕಿ ಎನ್ನುವುದು ಅವಳ ಕಚೇರಿಯ ಬಾಗಿಲ ಮೇಲಿದ್ದ ಹೆಸರು. ತೀರದ ಜನರ ಬಾಯಲ್ಲಿ ಅವಳು ಗೂಟದಮ್ಮ. ಕಡಲತೀರ ಮತ್ತು ಜೌಗುನೆಲಗಳನ್ನು ಕಾಪಾಡುವ ರಾಜ್ಯ ಸರ್ಕಾರದ ಯೋಜನೆಗೆ ಅವಳೇ ಮುಖ್ಯಸ್ಥೆ. ಅಷ್ಟು ದೊಡ್ಡ ಹುದ್ದೆಗೆ ಗೂಟದ ಕಾರು ಸಿಗದಿದ್ದರೂ ಕಾರಿನ ಡಿಕ್ಕಿ ತುಂಬ ಗೂಟಗಳು ಸಿಕ್ಕಿದ್ದವು. ತುದಿಗೆ ಕೆಂಪು ಬಣ್ಣ ಬಳಿದ ಆ ಗೂಟ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ನೀರಿನ ಕಡೆಗೆ ಯಾರೂ ಒಂದು ಇಟ್ಟಿಗೆ ಇಡುವಂತಿಲ್ಲ. ಹಾಗಾಗಿ ಅವಳ ಕಾರು ಕಂಡರೆ ಸಾಕು, ಮೀನು ಮಾರುವ ಹೆಂಗಸರೂ ಹೋಟೆಲ್ ಮಾಲೀಕರೂ ಒಂದೇ ಥರ ಮುಖ ಸಿಂಡರಿಸುತ್ತಿದ್ದರು. ಬಡವ ಬಲ್ಲಿದರನ್ನು ಹೀಗೆ ಒಂದು ಮಾಡಿದವಳು ತಾನೊಬ್ಬಳೇ ಎಂದು ಅವಳು ಡ್ರೈವರನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಈ ಜಂಬ ಇಳಿದದ್ದು ಅಕ್ಕನ ಹಿತ್ತಲಿನಲ್ಲಿ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಅವಳನ್ನು ಹೊಲಿಗೆ ಯಂತ್ರ ತುಳಿದು ಸಾಕಿ, ಓದಿಸಿ, ಒಂದು ದಡ ಸೇರಿಸಿದವಳು ಅಕ್ಕ. ಆ ಯಂತ್ರ ಮೂವತ್ತು ವರ್ಷದಿಂದ ಅಡುಗೆಮನೆಯ ಮೂಲೆಯಲ್ಲೇ ಕೂತಿತ್ತು. ಅಕ್ಕ ಹೊಲಿದ ಮದುವೆಯ ಬಟ್ಟೆಗೂ ಹುರಿದ ಈರುಳ್ಳಿಯ ವಾಸನೆ ಎಂದು ಗಿರಾಕಿಗಳು ತಮಾಷೆ ಮಾಡುವರು. ಯಂತ್ರಕ್ಕೊಂದು ಕೋಣೆ, ಕೋಣೆಗೊಂದು ಕಿಟಕಿ, ಇಷ್ಟೇ ಅಕ್ಕನ ಆಸೆ. ಹೆಡ್‌ಮಾಸ್ತರಿಕೆಯಿಂದ ನಿವೃತ್ತನಾದ ಭಾವ ಕೊನೆಗೂ ಮನಸ್ಸು ಮಾಡಿ, ಹಿತ್ತಲಿನ ಪಕ್ಕದ ಜೌಗಿಗೆ ಹಳೆ ಇಟ್ಟಿಗೆ ತುಂಬಿಸಿ, ಅದರ ಮೇಲೆ ಗೋಡೆ ಎಬ್ಬಿಸಿದ. ಗೋಡೆ ಕಿಟಕಿಯ ಮಟ್ಟಕ್ಕೆ ಬರುವ ಹೊತ್ತಿಗೆ ಸರ್ವೆಯವರು ಬಂದು ಕೋಣೆಯ ನಟ್ಟನಡುವೆ ಗೂಟ ಹೊಡೆದು ಹೋದರು.

ಅಂದಿನಿಂದ ಅಕ್ಕ ತಂಗಿಯೊಡನೆ ಮಾತು ಬಿಟ್ಟಳು. ಮಾತಾಡಿದ್ದೆಲ್ಲ ಭಾವನೇ.

“ನಿಮ್ಮ ಸರ್ವೇಯರ್‌ಗೆ ಕಣ್ಣಿದೆಯೇನಮ್ಮ? ನಾನು ದಿನಾ ಬೆಳಿಗ್ಗೆ ಮರಳು ಗುಡಿಸಿ ಕಸ ತಂದು ಇಲ್ಲಿ ಗುಡ್ಡೆ ಹಾಕ್ತೀನಿ. ಅದನ್ನ ಸಮುದ್ರ ತಂದು ಹಾಕಿದ್ದು ಅಂತ ಬರ್ಕೊಂಡ್ ಹೋಗಿದಾನೆ!”

ಅವಳು ಹೋಗಿ ನೋಡಿದಳು. ಭರತದ, ಅಂದರೆ ಕಡಲು ಉಬ್ಬುವ ಹೊತ್ತಿನ, ನೀರು ಎಲ್ಲಿಯವರೆಗೆ ಏರುತ್ತದೆ ಎನ್ನುವುದಕ್ಕೆ ಅದು ಬಿಟ್ಟುಹೋದ ಒಣ ಪಾಚಿ, ಚಿಪ್ಪು, ಬಲೆಯ ತುಂಡುಗಳೇ ಗುರುತು. ಆ ಗುರುತನ್ನೆಲ್ಲ ಶಿಸ್ತಿನ ಮನುಷ್ಯನಾದ ಭಾವ ಬುಟ್ಟಿಯಲ್ಲಿ ಹೊತ್ತು ತಂದು ತನ್ನ ಗೋಡೆಯ ಬುಡದಲ್ಲೇ ಸಾಲಾಗಿ ಸುರಿದಿದ್ದ. ಕಡಲನ್ನು ಕೈಹಿಡಿದು ಮನೆಗೆ ಕರೆತಂದಂತೆ ಆಗಿತ್ತು. ಅವಳು ಬಿದ್ದು ಬಿದ್ದು ನಕ್ಕಳು, ಆಮೇಲೆ ನಗು ಬಾಯಲ್ಲೇ ಒಣಗಿತು. ಗೂಟವನ್ನು ಕಡಲ ಕಡೆಗೆ ಸರಿಸಿದರೆ, ಅಕ್ಕನ ಮನೆ ಬಂದಾಗ ಗೂಟಕ್ಕೂ ಕಾಲು ಬಂತು ಎಂದು ಇಡೀ ತೀರ ಆಡಿಕೊಳ್ಳುತ್ತದೆ, ನಾಳೆ ಒಂದು ಗೂಟವೂ ನೆಟ್ಟಲ್ಲಿ ನಿಲ್ಲುವುದಿಲ್ಲ. ಸರಿಸದಿದ್ದರೆ ಕಸದ ಗುಡ್ಡೆಯನ್ನು ನಂಬಿ ಅಕ್ಕನ ಕೋಣೆ ಕೆಡವಿದಂತೆ. ಎರಡು ದಿನ ಅವಳಿಗೆ ಊಟ ಸೇರಲಿಲ್ಲ.

ಮೂರನೆಯ ದಿನ, ಬಟನ್ ಕಿತ್ತುಹೋಗಿದ್ದ ಅಂಗಿಗೆ ಸೂಜಿ ಹಿಡಿದು ಕೂತಾಗ, ಅಕ್ಕ ಹೊಲಿಗೆ ಕಲಿಸುತ್ತಿದ್ದದ್ದು ನೆನಪಾಯಿತು. ಹಳೆ ಅಂಗಿ ನೋಡಿ ಅಳತೆ ತಗೋಬೇಡ, ಮೈಮೇಲೆ ಟೇಪ್ ಇಡು ಎಂದು ಅಕ್ಕ ಎಷ್ಟು ಸಲ ಅವಳ ತಲೆಗೆ ಮೊಟಕಿದ್ದಳೋ! ಸರ್ವೇಯರ್ ಸಮುದ್ರದ ಹಳೆ ಅಂಗಿ ನೋಡಿ ಅಳೆದು ಬಂದಿದ್ದ. ಮರುದಿನವೇ ನೋಟಿಸು ಹೊರಟಿತು. ಮುಂದಿನ ದೊಡ್ಡ ಭರತದ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ತಕರಾರು ಇರುವವರೆಲ್ಲ ಅಕ್ಕನ ಹಿತ್ತಲಿಗೆ ಬರಬೇಕು, ನೀರು ತೋರಿಸಿದ ಜಾಗವೇ ಕೊನೆ.

ಬಂದವರು ಒಬ್ಬಿಬ್ಬರಲ್ಲ, ಇಡೀ ಬೀದಿ. ಮೀನಿನ ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ಇಸ್ತ್ರಿ ಪ್ಯಾಂಟು ಹಾಕಿದ್ದ ಭಾವ ಪ್ಲಾಸ್ಟಿಕ್ ಕುರ್ಚಿಯನ್ನು ಗೂಟದ ಪಕ್ಕದಲ್ಲೇ ಇಟ್ಟು ಕಾಲ ಮೇಲೆ ಕಾಲು ಹಾಕಿದ. ನೀರು ಮರಳ ಮೇಲೆ ಏರಿ ಏರಿ ಬಂದು, ಹಿತ್ತಲಿಗೆ ಇಪ್ಪತ್ತು ಹೆಜ್ಜೆ ಇರುವಾಗ ನಿಂತೇಬಿಟ್ಟಿತು. ಸರ್ವೇಯರ್ ತಲೆ ತಗ್ಗಿಸಿದ. ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

ಭಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. “ನೋಡಿ, ಮಹಾಜನಗಳೇ...” ಎಂದವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಸಾಕ್ಸು ಒದ್ದೆ.

ಎಲ್ಲರ ಕಣ್ಣು ಮುಂದಿನ ಕಡಲ ಮೇಲಿದ್ದಾಗ ನೀರು ಪಕ್ಕದ ಜೌಗಿನಿಂದ ಬಂದಿತ್ತು. ಅಷ್ಟು ವರ್ಷ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಮೂಲೆಯನ್ನು ಭಾವನೇ ಮುಚ್ಚಿಸಿದ್ದ. ಜಾಗ ಸಿಗದ ನೀರು ಇಟ್ಟಿಗೆಗಳ ಸಂದಿಯಿಂದ ಸದ್ದಿಲ್ಲದೆ ಉಕ್ಕಿ, ಅಕ್ಕನ ಕೋಣೆಯಲ್ಲಿ ಪಾದ ಮುಳುಗುವಷ್ಟು ನಿಂತು, ಗೂಟವನ್ನೂ ದಾಟಿ ಮೂರು ಹೆಜ್ಜೆ ಮನೆಯ ಕಡೆಗೆ ಹೋಯಿತು. ಭಾವ ಕುರ್ಚಿ ಹತ್ತಿದ. ಮೀನಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೆ ಮಾತ್ರ ಅಳು ಬಂತು. ಕಡಲು ಇದೊಂದು ಮನೆಯನ್ನಾದರೂ ಬಿಡಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಿದ್ದಳು.

ಅಡುಗೆಮನೆ ಬಾಗಿಲಿನಿಂದ ಅಕ್ಕ ಇಳಿದು ಬಂದಳು. ನೀರನ್ನು ನೋಡಿದಳು, ಅರ್ಧ ಕಟ್ಟಿದ ಕಿಟಕಿಯನ್ನು ಸ್ವಲ್ಪ ಹೊತ್ತು ನೋಡಿದಳು.

“ಮೈಮೇಲೆ ಅಳತೆ ತಗೊಂಡಾಯ್ತಲ್ಲ, ಇನ್ನೇನು ಮಾತು? ಕೊಡಿಲ್ಲಿ ಗೂಟ.”

ನೀರಿನ ಅಂಚಿನಲ್ಲಿ, ಮೂರು ಹೆಜ್ಜೆ ಮನೆಯ ಕಡೆಗೆ, ಅಕ್ಕ ತಾನೇ ಗೂಟ ಹೊಡೆದಳು. ಸರ್ವೇಯರ್‌ಗೆ ಜೀವ ಬಂತು. “ಮೇಡಂ, ನಾನು ಮೂರು ಹೆಜ್ಜೆ ರಿಯಾಯಿತಿ ಕೊಟ್ಟಿದ್ದೆ ಅಂತ ಬರ್ಕೊಳ್ಳಿ!”

“ಅಕ್ಕಾ, ನಿನ್ನ ಕೋಣೆ...” ಎಂದಳು ಅವಳು.

“ನಿನ್ನ ಮನೇಲಿ ನಕ್ಷೆ ಗುಡ್ಡೆ ಹಾಕಿರೋ ಕೋಣೆಗೆ ಕಿಟಕಿ ಇದೆಯಾ?”

“ಎರಡಿವೆ.”

“ಮತ್ತೆ ಇಷ್ಟು ದಿನ ಬಾಯಿಗೆ ಏನಾಗಿತ್ತು ನಿಂಗೆ?”

ಆ ವಾರವೇ ನಕ್ಷೆಗಳು ಮಂಚದ ಕೆಳಗೆ ಹೋದವು, ಯಂತ್ರ ಕಿಟಕಿಯ ಬಳಿ ಕೂತಿತು. ಭಾವ ತುಂಬಿಸಿದ ಇಟ್ಟಿಗೆಗಳನ್ನು ತಾನೇ ಎತ್ತಿಸುತ್ತಿದ್ದಾನೆ, ಸಾಲಾಗಿ, ಲೆಕ್ಕವಿಟ್ಟು. ಹೊಸ ಕೋಣೆಯಲ್ಲಿ ಅಕ್ಕ ಮೊದಲು ಹೊಲಿಯಲು ಹಿಡಿದದ್ದು ತಂಗಿಗೊಂದು ಅಂಗಿ. ಟೇಪ್ ಹಿಡಿದು ಸೊಂಟದ ಹತ್ತಿರ ಬಂದಾಗ, ಐವತ್ತು ದಾಟಿದ ನಿರ್ದೇಶಕಿ ಉಸಿರು ಒಳಗೆಳೆದು ಹಿಂದೆ ಸರಿದಳು.

“ಅಕ್ಕಾ, ಬೇಡ ಕಣೇ. ಹಳೇ ಅಂಗಿದೇ ಅಳತೆ ತಗೋ.”

“ಉಸಿರು ಬಿಡು, ನೆಟ್ಟಗೆ ನಿಂತ್ಕೋ,” ಎಂದಳು ಅಕ್ಕ.